ಹಸಿರು ಹಲ್ಲಿಗೆ ಇಎಂಐ

ಹುಬ್ಬಳ್ಳಿ-ಧಾರವಾಡದಲ್ಲಿ ಡೇ ಗೆಕ್ಕೊ ಸಾಕಬಾರದು. ಇಷ್ಟನ್ನ ಮೊದಲೇ ಹೇಳಿಬಿಡ್ತೀನಿ, ಆಮೇಲೆ ಬೈಯೋರು ಬೈಯಿರಿ.

ಗೊತ್ತಿಲ್ಲದವರಿಗೆ: ಇದು ದ್ವೀಪದ ಹಲ್ಲಿ. ಮಡಗಾಸ್ಕರ್, ಮಾರಿಷಸ್, ಸೀಶೆಲ್ಸ್ ಕಡೆಯದು. ನಮ್ಮ ಅಂಡಮಾನಿನಲ್ಲೂ ಒಂದು ಜಾತಿ ಇದೆ. ಗಿಳಿಹಸಿರು ಮೈ, ಬೆನ್ನ ಮೇಲೆ ಕೆಂಪು ಚುಕ್ಕಿ. ನಮ್ಮ ಗೋಡೆಯ ಹಲ್ಲಿ ರಾತ್ರಿ ಟ್ಯೂಬ್‌ಲೈಟಿನ ಹತ್ತಿರ ಹೊಂಚು ಹಾಕಿದರೆ, ಇದು ಹಗಲಿಡೀ ಬಿಸಿಲು ಕಾಯಿಸಿಕೊಳ್ಳುತ್ತಾ ಹುಳ ಹಿಡಿಯುತ್ತದೆ, ಹೂವಿನ ಮಕರಂದ ನೆಕ್ಕುತ್ತದೆ. ರೀಲ್ಸ್‌ನಲ್ಲಿ ನೋಡಿದರೆ ಆಸೆ ಆಗೋದು ಸಹಜ. ನನಗೂ ಆಯಿತು.

"ಏನ್ ಭಾರಿ ಆತಲೇ, ಒಂದ್ ಹಲ್ಲಿ ಅಲ್ಲೇನು?" ಅಂದ ವಿದ್ಯಾನಗರದ ಗೆಳೆಯ. ಗಾಜಿನ ಪೆಟ್ಟಿಗೆ, ಗಿಡ, ಬಲ್ಬು ಎಲ್ಲಾ ಕ್ರೆಡಿಟ್ ಕಾರ್ಡಿನ ಕಂತಿನಲ್ಲಿ ಲೆಕ್ಕ ಹಾಕಿದ್ದ. ಲೆಕ್ಕ ಸರಿಯಾಗೇ ಇತ್ತು, ಹಲ್ಲಿ ಮಾತ್ರ ಅದರಲ್ಲಿ ಇರಲಿಲ್ಲ.

ಅದಕ್ಕೆ ದಿನಕ್ಕೆ ಸುಮಾರು ಹನ್ನೆರಡು ತಾಸು ಯುವಿಬಿ ಬೆಳಕು ಬೇಕು. ಕಿಟಕಿ ಹತ್ತಿರ ಇಟ್ಟರೆ ಸಾಕಲ್ಲ ಅನ್ನಬೇಡಿ. ಗಾಜು ಆ ಕಿರಣಗಳನ್ನು ತಡೆಯುತ್ತದೆ, ನೇರ ಬಿಸಿಲು ಬಿದ್ದರಂತೂ ಪೆಟ್ಟಿಗೆ ಒಳಗಿನಿಂದ ಬೇಯುತ್ತದೆ. ಬಲ್ಬು ಉರಿಯುತ್ತಿದ್ದರೂ ಅದರ ಯುವಿಬಿ ಕೆಲ ತಿಂಗಳಲ್ಲೇ ಕುಂದುತ್ತಾ ಹೋಗುತ್ತದೆ, ನಮ್ಮ ಕಣ್ಣಿಗೆ ಅದು ಕಾಣುವುದಿಲ್ಲ. ಬೆಳಕು ಸಾಲದಿದ್ದರೆ, ತಿನಿಸಿಗೆ ಕ್ಯಾಲ್ಸಿಯಂ ಪುಡಿ ಹಚ್ಚದಿದ್ದರೆ, ಎಲುಬು ಮೆತ್ತಗಾಗಿ ದವಡೆ, ಬೆನ್ನು ಸೊಟ್ಟಗಾಗುತ್ತವೆ. ಸಾಯಲು ತಿಂಗಳುಗಟ್ಟಲೆ ತೆಗೆದುಕೊಳ್ಳುತ್ತದೆ. ಕೂಗಲ್ಲ, ಅಳಲ್ಲ. ನೀವು ಫೋಟೊ ಹಾಕ್ತಾನೇ ಇರ್ತೀರಿ.

ನೀರು ಬಟ್ಟಲಲ್ಲಿ ಇಟ್ಟರೆ ಸಾಮಾನ್ಯವಾಗಿ ಕುಡಿಯುವುದಿಲ್ಲ, ಎಲೆಯ ಮೇಲಿನ ಹನಿ ನೆಕ್ಕಬೇಕು. ಅಂದರೆ ದಿನಾ ಸ್ಪ್ರೇ ಮಾಡಬೇಕು, ಗಾಳಿಯಲ್ಲಿ ತೇವ ಇರಬೇಕು, ಆದರೆ ಬೂಷ್ಟು ಹಿಡಿಯಬಾರದು. ಇನ್ನು ನಮ್ಮ ಏಪ್ರಿಲ್ ನೆನಪಿಸಿಕೊಳ್ಳಿ. 37-38 ಡಿಗ್ರಿ, ತುಟಿ ಒಡೆಯುವ ಒಣ ಗಾಳಿ, ಮಧ್ಯಾಹ್ನ ಕರೆಂಟಿಲ್ಲ, ನೀವು ಆಫೀಸಿನಲ್ಲಿ. ಸಮುದ್ರದ ಗಾಳಿಗೆ ಹುಟ್ಟಿದ ಜೀವ ಎಂಟನೇ ಮಹಡಿಯ ಮುಚ್ಚಿದ ಫ್ಲ್ಯಾಟಿನಲ್ಲಿ.

"ಊರಿಗೆ ಹೋದ್ರ ಅವ್ವ ನೋಡ್ಕೊಂತಾಳ" ಅಂತಾನೆ ಇವನು. ಮೈಮೇಲೆ ಹಲ್ಲಿ ಬಿದ್ದರೆ ತಲೆಗೆ ನೀರು ಹಾಕ್ಕೊಂಡು ಪಂಚಾಂಗ ತೆಗೆದು ಫಲ ನೋಡೋ ಅವ್ವ, ಇವನ ಹಲ್ಲಿಗೆ ಜೀವಂತ ಹುಳ ಹಾಕಬೇಕಂತೆ!

ಪ್ರೀತಿಯಿಂದ ಕೈಯಲ್ಲಿ ಹಿಡ್ಕೊಳ್ಳೋಕೂ ಬರಲ್ಲ. ಗಟ್ಟಿಯಾಗಿ ಹಿಡಿದರೆ ಚರ್ಮವೇ ಕಿತ್ತು ನಿಮ್ಮ ಬೆರಳಿಗೆ ಬರುತ್ತದೆ. ವೈರಿಯ ಬಾಯಿಂದ ಜಾರಿಕೊಳ್ಳಲು ಅದು ಕಲಿತ ಉಪಾಯ. ಅದರ ಪಾಲಿಗೆ ನೀವೂ ವೈರಿಯೇ.

ಕಾನೂನನ್ನ ಬೇಗ ಮುಗಿಸ್ತೀನಿ. ಫೆಲ್ಸೂಮಾ ಕುಲದ ಈ ಹಲ್ಲಿಗಳೆಲ್ಲ ಸೈಟ್ಸ್ ಒಪ್ಪಂದದ ಎರಡನೇ ಅನುಬಂಧದಲ್ಲಿವೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ, 2024ರಲ್ಲಿ ನಿಯಮಗಳೂ ಬಂದವು. ಇಂಥ ಪ್ರಾಣಿ ಮನೆಯಲ್ಲಿದ್ದರೆ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಮಾರುವವನು "ಪೇಪರ್ ಎಲ್ಲಾ ಕ್ಲಿಯರ್ ಅದಾವ್ರಿ" ಅಂದರೆ, ಆ ಪೇಪರ್ ತೋರಿಸು ಅಂತ ಕೇಳಿ ನೋಡಿ. ಚಾಟ್ ಅಲ್ಲಿಗೇ ನಿಂತರೂ ನಿಂತೀತು.

"ಇದು ಕಾಡಿಂದ ಹಿಡಿದದ್ದಲ್ಲ, ಸಾಕಿದವರ ಮನೆಯಲ್ಲೇ ಹುಟ್ಟಿದ್ದು, ನಾವು ಸಂತತಿ ಉಳಿಸ್ತಿದ್ದೀವಿ" ಅನ್ನುವ ವಾದವೂ ಇದೆ. ಯಾವುದನ್ನ ಉಳಿಸ್ತಿದ್ದೀರಿ? ಮಾರಿಷಸ್‌ನಲ್ಲಿ ರೌಸಿಯಾ ಎಂಬ ಗಿಡದ ಪರಾಗ ಸಾಗಿಸುವುದೂ ಬೀಜ ಹರಡುವುದೂ ನೀಲಿ ಬಾಲದ ಒಂದು ಡೇ ಗೆಕ್ಕೊ. ಆ ಕೆಲಸದಿಂದ ಬಿಡಿಸಿ ಗೋಕುಲ ರೋಡಿನ ಹಾಲ್‌ನಲ್ಲಿ ಕೂರಿಸಿದರೆ ಉಳಿಯೋದು ಬಣ್ಣ ಮಾತ್ರ. ಅದೇ ಮಾರಿಷಸ್‌ಗೆ ಮನುಷ್ಯರ ಜೊತೆ ಹೋದ ಮಡಗಾಸ್ಕರಿನ ದೊಡ್ಡ ಡೇ ಗೆಕ್ಕೊ ಈಗ ಅಲ್ಲಿನ ಸಣ್ಣ ಜಾತಿಗಳಿಗೇ ಕಂಟಕ. (ಹಡಗು ಹತ್ತಿ ಹೋದ ಏಷ್ಯಾದ ಗೋಡೆ ಹಲ್ಲಿಯೂ ಅಲ್ಲಿ ಕಡಿಮೆ ಹಾವಳಿ ಮಾಡಿಲ್ಲ.) ಹಾಗಾಗಿ "ಸಾಕಾದ್ರ ಕೆಲಗೇರಿ ಕೆರಿ ದಂಡಿಗೆ ಬಿಟ್ರಾತು" ಅನ್ನೋ ಮಾತು ಬಾಯಿಗೇ ತರಬೇಡಿ.

ಬರುತ್ತದೆ, ಆ ಮಾತು ಬರೋದು ಗ್ಯಾರಂಟಿ. ಚೆನ್ನಾಗಿ ನೋಡಿಕೊಂಡರೆ ಇದು ಎಂಟು-ಹತ್ತು ವರ್ಷ ಬದುಕಬಲ್ಲದು. ನಮ್ಮಲ್ಲಿ ಯಾರು ಎಂಟು ವರ್ಷ ಒಂದೇ ಊರಲ್ಲಿ ಇದ್ದೇವೆ ಹೇಳಿ? ಬೆಂಗಳೂರು ಆಫರ್ ಬಂದರೆ ಮೂರು ತಿಂಗಳ ನೋಟಿಸ್ ಪೀರಿಯಡ್ ಕಾಯೋಕೂ ನಮಗೆ ತಾಳ್ಮೆ ಇಲ್ಲ. ಪೇಯಿಂಗ್ ಗೆಸ್ಟ್ ಓನರ್ ಬೆಕ್ಕಿಗೇ ಒಪ್ಪಲ್ಲ. ಅದಕ್ಕೆ ಕಾಯಿಲೆಯಾದರೆ ಎಲ್ಲಿಗೆ ಒಯ್ಯೋದು? ಎತ್ತು, ಎಮ್ಮೆ, ನಾಯಿ ನೋಡಿ ಪಳಗಿದ ಪಶುವೈದ್ಯರ ಮುಂದೆ ಕೆಲವೇ ಗ್ರಾಂ ತೂಕದ ಹಲ್ಲಿ ಇಟ್ಟರೆ ಅವರಾದರೂ ಏನು ಮಾಡಿಯಾರು?

ಹಗಲು ಹಲ್ಲಿ ನೋಡಲೇಬೇಕಾ? ನಮ್ಮ ಪಕ್ಕದ ಉತ್ತರ ಕನ್ನಡದಲ್ಲೇ ಇವೆ. ನೆಮಾಸ್ಪಿಸ್ ಅಂತ ಕುಲ, ದುಂಡು ಕಣ್ಣುಪಾಪೆಯ ಪುಟಾಣಿ ಹಲ್ಲಿಗಳು. 2002ರಲ್ಲಿ ಆರನ್ ಬಾವರ್ ಎಂಬ ವಿಜ್ಞಾನಿ ಇವುಗಳಲ್ಲಿ ಎರಡು ಹೊಸ ಜಾತಿಗಳನ್ನು ಲೋಕಕ್ಕೆ ಪರಿಚಯಿಸಿದ್ದು ನಮ್ಮ ಗುಂದದಿಂದ. ಗಿಳಿಹಸಿರಲ್ಲ, ಮಣ್ಣು ಬಣ್ಣ. ತೊಗಟೆಗೋ ಬಂಡೆಗೋ ಅಂಟಿ ಕೂತರೆ ಹತ್ತು ನಿಮಿಷ ಹುಡುಕಿದರೂ ಸಿಗುವುದಿಲ್ಲ, ರೀಲ್ಸ್‌ಗೆ ಲಾಯಕ್ಕಿಲ್ಲ. ಮಳೆ ಸ್ವಲ್ಪ ಹಿಂಜರಿದ ಮೇಲೆ ದಾಂಡೇಲಿ ಕಡೆ ಹೊರಟಿದ್ದೇನೆ, ಅರಣ್ಯ ಇಲಾಖೆ ಬಿಟ್ಟ ದಾರಿಯಲ್ಲಷ್ಟೇ. ಕಾರಿನಲ್ಲಿ ಮೂರು ಸೀಟು ಖಾಲಿ ಇವೆ. ಮುಟ್ಟಲ್ಲ ಅಂತ ಮಾತು ಕೊಡೋರು ಬರ್ರಿ.