ಮುಖ ನೋಡಿ ಅಲ್ಲ, ಬಿಲ್ ನೋಡಿ

“ಒಮ್ಮೆ ಮಾರಿದ ಮಾಲನ್ನು ಹಿಂದಕ್ಕೆ ಪಡೆಯುವುದಿಲ್ಲ.” ಬಟ್ಟೆ ಅಂಗಡಿಯ ಗಲ್ಲಾದ ಹಿಂದೆ, ದೇವರ ಫೋಟೋ ಪಕ್ಕದಲ್ಲಿ ಈ ಬೋರ್ಡ್ ನೋಡದವರು ನಮ್ಮಲ್ಲಿ ಯಾರೂ ಇರಲಿಕ್ಕಿಲ್ಲ. ಕೆಲವು ಕಡೆ ಇದೇ ಮಾತು ಬಿಲ್ಲಿನ ಕೆಳಗೆ ಇಂಗ್ಲಿಷಿನಲ್ಲಿ, ಕಣ್ಣಿಗೆ ಕಾಣದಷ್ಟು ಸಣ್ಣ ಅಕ್ಷರದಲ್ಲಿರುತ್ತೆ. ಕಾಲೇಜು ಅಕ್ಕಪಕ್ಕದ ಅಂಗಡಿಗಳಲ್ಲಂತೂ ‘ನೋ ರಿಟರ್ನ್, ನೋ ಎಕ್ಸ್‌ಚೇಂಜ್’ ಅನ್ನೋ ಸ್ಟಿಕ್ಕರ್ ಇದ್ದೇ ಇರುತ್ತೆ.

ಆದರೆ ಆ ಬೋರ್ಡ್ ಹೇಳೋದು ಪೂರ್ತಿ ನಿಜ ಅಲ್ಲ. ಅಂಗಡಿಯವರು ವಾಪಸ್ ತಗೊಳ್ತಾರೆ. ಹತ್ತು ವರ್ಷದಿಂದ ಬರೋ ಗಿರಾಕಿ, ಪಕ್ಕದ ಬೀದಿಯ ಟೀಚರ್, ಮದುವೆ ಜವಳಿಯನ್ನ ಅಲ್ಲೇ ತೆಗೆದ ಮನೆಯವರು ಬಂದರೆ “ಅಯ್ಯೋ ಅದಕ್ಕೇನಂತೆ, ಬೇರೆ ನೋಡಿ ಅಕ್ಕ” ಅಂತಾರೆ. ಪರಿಚಯ ಇಲ್ಲದವರು ಅದೇ ಶರ್ಟ್ ಹಿಡ್ಕೊಂಡು ಹೋದ್ರೆ ಮಾತಿಲ್ಲದೆ ಬೋರ್ಡಿನ ಕಡೆ ಬೆರಳು ತೋರಿಸ್ತಾರೆ.

ಅಂದರೆ ಸಣ್ಣ ಅಂಗಡಿಗಳಿಗೆ ರಿಟರ್ನ್ ಪಾಲಿಸಿ ಇಲ್ಲ ಅನ್ನೋದು ತಪ್ಪು. ಇದೆ. ಅದು ಗೋಡೆ ಮೇಲಿಲ್ಲ, ಮಾಲೀಕರ ತಲೆಯಲ್ಲಿದೆ. ಗಿರಾಕಿಯ ಮುಖ ನೋಡಿದ ಮೇಲೆ ಜಾರಿಗೆ ಬರುತ್ತೆ. ಬೀದರ್‌ನಿಂದಲೋ ಮಡಿಕೇರಿಯಿಂದಲೋ ಬಂದು ಹಾಸ್ಟೆಲ್ ಸೇರಿರೋ ನಮ್ಮಂಥವರಿಗೆ ಈ ಊರಲ್ಲಿ ಮುಖಪರಿಚಯ ಎಲ್ಲಿಂದ ಬರಬೇಕು? ನಮ್ಮ ವಾದ ಇಷ್ಟೇ: ತಲೆಯಲ್ಲಿರೋ ಆ ಪಾಲಿಸಿಯನ್ನ ನಾಲ್ಕು ಸಾಲಲ್ಲಿ ಬರೆದು ಹಾಕಬೇಕು, ಬಂದವರೆಲ್ಲರಿಗೂ ಅದೇ ನಡೀಬೇಕು.

ಮೊದಲು ಕಾನೂನು ನೋಡೋಣ. ಗ್ರಾಹಕ ಸಂರಕ್ಷಣಾ ಕಾಯ್ದೆ, 2019 ಜಾರಿಗೆ ಬಂದಿದ್ದು 2020ರ ಜುಲೈನಲ್ಲಿ. ದೋಷ ಇರೋ ವಸ್ತುವನ್ನ ಮಾರಿ, ಆಮೇಲೆ ವಾಪಸ್ ತಗೊಂಡು ದುಡ್ಡು ಕೊಡಲ್ಲ ಅನ್ನೋದು ಇದರ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ಎಷ್ಟು ದಿನದೊಳಗೆ? ಬಿಲ್ಲಿನಲ್ಲಿ ಬರೆದಿರೋ ಅವಧಿಯೊಳಗೆ. ಏನೂ ಬರೆದಿಲ್ಲ ಅಂದ್ರೆ 30 ದಿನದೊಳಗೆ. ಬಿಲ್ ಕೊಡದೇ ಇರೋದು ಕೂಡ ಅದೇ ಪಟ್ಟಿಯಲ್ಲಿದೆ. ಹಾಗಾಗಿ ಹೊಲಿಗೆ ಬಿಟ್ಟಿರೋ ಪ್ಯಾಂಟಿಗೆ, ಒಂದೇ ಒಗೆತಕ್ಕೆ ಬಣ್ಣ ಬಿಟ್ಟ ಕುರ್ತಾಗೆ ಆ ಬೋರ್ಡ್ ತೋರಿಸೋ ಹಾಗಿಲ್ಲ.

ಇನ್ನೊಂದು ಅರ್ಧವನ್ನೂ ಹೇಳಬೇಕು. ‘ಬಣ್ಣ ಇಷ್ಟ ಆಗ್ಲಿಲ್ಲ’, ‘ಮನೇಲಿ ಬೇಡ ಅಂದ್ರು’ ಅಂತ ಸರಿಯಾಗಿರೋ ಬಟ್ಟೆಯನ್ನ ತಂದರೆ ಅದನ್ನ ವಾಪಸ್ ತಗೊಳ್ಳಲೇಬೇಕು ಅಂತ ಈ ಕಾಯ್ದೆ ಹೇಳಲ್ಲ. ಅದು ಅಂಗಡಿಗೆ ಬಿಟ್ಟಿದ್ದು. ದೋಷ ಬೇರೆ, ಮನಸ್ಸು ಬದಲಾಗೋದು ಬೇರೆ. ಒಂದು ನಮ್ಮ ಹಕ್ಕು, ಇನ್ನೊಂದು ಅವರು ಕೊಡೋ ಅನುಕೂಲ. ಬೋರ್ಡಿನ ದೊಡ್ಡ ತಪ್ಪು ಅಂದ್ರೆ ಇವೆರಡನ್ನೂ ಒಂದೇ ಗಂಟಲ್ಲಿ ಕಟ್ಟಿರೋದು. ಜಗಳ ಮಾಡೋ ಗಿರಾಕಿಗಳು ಮಾಡೋದೂ ಇದೇ ತಪ್ಪನ್ನ.

ಕಾನೂನು ಇದೆಯಲ್ಲ, ಮತ್ತೇನು ಚಿಂತೆ ಅನ್ನಬಹುದು. 1915ಕ್ಕೆ ಫೋನ್ ಮಾಡಿದ್ರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಸಿಗುತ್ತೆ. ಜಿಲ್ಲಾ ಗ್ರಾಹಕ ಆಯೋಗದಲ್ಲಿ 5 ಲಕ್ಷ ರೂಪಾಯಿವರೆಗಿನ ದೂರಿಗೆ ಶುಲ್ಕವೂ ಇಲ್ಲ. ಆದರೆ 800 ರೂಪಾಯಿ ಶರ್ಟಿಗೋಸ್ಕರ ಇಂಟರ್ನಲ್ಸ್ ಮಧ್ಯೆ ಯಾರು ಓಡಾಡ್ತಾರೆ? ಅದಕ್ಕೇ ಈ ವಿಷಯ ಗಲ್ಲಾದ ಹತ್ತಿರವೇ ಬಗೆಹರಿಯಬೇಕು.

ಈಗ ಗಲ್ಲಾದ ಆ ಕಡೆ ಕೂತು ನೋಡೋಣ. ಸಣ್ಣ ಅಂಗಡಿಯವರು ಚಿಕ್ಕಪೇಟೆಯಂಥ ಹೋಲ್‌ಸೇಲ್ ಮಾರ್ಕೆಟ್‌ಗೆ ಹೋಗಿ ಎಂ, ಎಲ್, ಎಕ್ಸ್‌ಎಲ್ ಅಂತ ಸೆಟ್ ಲೆಕ್ಕದಲ್ಲಿ ಮಾಲು ತರ್ತಾರೆ. ಉಳಿದ ಒಂದೊಂದು ಪೀಸನ್ನ ಅಲ್ಲಿಗೆ ವಾಪಸ್ ಕೊಡೋದು ಸುಲಭ ಅಲ್ಲ. ಒಂದು ಲೆಕ್ಕ ಹಾಕೋಣ. 600ಕ್ಕೆ ತಂದ ಶರ್ಟನ್ನ 800ಕ್ಕೆ ಮಾರಿದ್ರು ಅಂದ್ಕೊಳ್ಳಿ. ಬಾಡಿಗೆ, ಕರೆಂಟು, ಹುಡುಗರ ಸಂಬಳ ಎಲ್ಲ ಆ 200ರಲ್ಲೇ ಹೋಗಬೇಕು. ಶರ್ಟ್ ಬೆವರಿನ ಕಲೆ ಜೊತೆ ವಾಪಸ್ ಬಂದು, 800 ಪೂರ್ತಿ ಹಿಂದಕ್ಕೆ ಕೊಟ್ರೆ, ಕೈಯಲ್ಲಿ ಉಳಿಯೋದು ಮಾರೋಕಾಗದ ಬಟ್ಟೆ ಮತ್ತು 600 ನಷ್ಟ. ಅದನ್ನ ತುಂಬಿಸೋಕೆ ಇನ್ನೂ ಮೂರು ಶರ್ಟ್ ಮಾರಬೇಕು. ಅದೇ ಶರ್ಟ್ ನಾಲ್ಕೇ ದಿನದಲ್ಲಿ, ಟ್ಯಾಗ್ ಕೀಳದೆ, ಮಡಿಕೆ ಬಿಚ್ಚಿದ್ದಷ್ಟೇ ಅನ್ನೋ ಸ್ಥಿತಿಯಲ್ಲಿ ಬಂದ್ರೆ? ಬೇರೆ ಸೈಜ್ ಕೊಟ್ಟು ಇದನ್ನ ರ‍್ಯಾಕ್‌ಗೆ ಏರಿಸಿದ್ರೆ ಮುಗೀತು, ಹೆಚ್ಚುಕಮ್ಮಿ ಏನೂ ನಷ್ಟ ಇಲ್ಲ. ಅಂದರೆ ಅಂಗಡಿಗೆ ಹೊಡೆತ ಕೊಡೋದು ವಾಪಸಾತಿ ಅಲ್ಲ, ತಡವಾಗಿ ಮತ್ತು ಹಾಳಾಗಿ ಬರೋ ಬಟ್ಟೆ. ಹಾಗಿದ್ಮೇಲೆ ನಿಯಮ ತಡೆಯಬೇಕಾದ್ದು ಅದನ್ನೇ.

ಹಾಗಾದ್ರೆ ನ್ಯಾಯವಾದ ಪಾಲಿಸಿ ಹೇಗಿರಬೇಕು? ನಮಗೆ ತೋಚಿದ್ದು ಇಷ್ಟು.

ಒಂದು, ದೋಷ ಇದ್ದರೆ ಬಿಲ್ ತೋರಿಸಿದ ತಕ್ಷಣ ಬೇರೆ ಪೀಸ್ ಅಥವಾ ದುಡ್ಡು. ಆಯ್ಕೆ ಗಿರಾಕಿಯದು. ಇಲ್ಲಿ ‘ಒಗೆದ ಬಟ್ಟೆ ತಗೊಳ್ಳಲ್ಲ’ ಅನ್ನೋ ಷರತ್ತು ಇರಬಾರದು. ಬಣ್ಣ ಬಿಡುತ್ತೋ ಇಲ್ಲವೋ ಒಗೆಯದೇ ಗೊತ್ತಾಗೋದು ಹೇಗೆ?

ಎರಡು, ಸೈಜ್ ಆಗದಿದ್ರೆ ಅಥವಾ ಇಷ್ಟ ಆಗದಿದ್ರೆ 15 ದಿನದೊಳಗೆ ಎಕ್ಸ್‌ಚೇಂಜ್. ಟ್ಯಾಗ್ ಇರಬೇಕು, ಹಾಕಿ ಓಡಾಡಿರಬಾರದು. ಬೇಕಾದ್ದು ಸಿಗದಿದ್ರೆ ಆರು ತಿಂಗಳು ನಡೆಯೋ ಕ್ರೆಡಿಟ್ ನೋಟ್. 15 ದಿನ ಯಾಕೆ? ದಸರಾಕ್ಕೆ ಅಪ್ಪನಿಗೆ ಶರ್ಟ್, ತಂಗಿಗೆ ಚೂಡಿದಾರ ಅಂತ ಇಲ್ಲಿ ತಗೊಂಡು ಊರಿಗೆ ಒಯ್ಯೋ ನಮಗೆ, ಅದು ಸರಿ ಹೋಯ್ತೋ ಇಲ್ವೋ ಗೊತ್ತಾಗೋದೇ ರಜೆಯಲ್ಲಿ. ಮೂರು ದಿನದ ಗಡುವಲ್ಲಿ ಬಸ್ಸು ಹತ್ತಿ ವಾಪಸ್ ಬರೋಕಾಗಲ್ಲ. ಇನ್ನು ಟ್ರಯಲ್ ರೂಮೇ ಇಲ್ಲದ ಅಂಗಡಿ ಸೈಜ್ ಬದಲಾಯಿಸಿ ಕೊಡಲ್ಲ ಅನ್ನೋದಕ್ಕೆ ಅರ್ಥವೇ ಇಲ್ಲ.

ಮೂರು, ಯಾವುದು ವಾಪಸ್ ಇಲ್ಲ ಅಂತ ಮೊದಲೇ ಹೇಳಿಬಿಡಬೇಕು. ಒಳಉಡುಪು, ಕತ್ತರಿಸಿದ ಬಟ್ಟೆ, ಫಾಲ್ ಹೊಲಿಸಿದ ಸೀರೆ, ಕುಚ್ಚು ಕಟ್ಟಿಸಿದ ಸೀರೆ. ದೋಷ ಇಲ್ಲದಿದ್ರೆ ಇವಕ್ಕೆ ಇಲ್ಲ ಅಂದರೆ ಯಾರೂ ಬೇಜಾರು ಮಾಡ್ಕೊಳ್ಳಲ್ಲ. ಡಿಸ್ಕೌಂಟ್ ಮಾಲಿಗೆ ಎಕ್ಸ್‌ಚೇಂಜ್ ಇಲ್ಲ ಅನ್ನೋದೂ ಸರಿ, ದುಡ್ಡು ಕೊಡೋ ಮೊದಲು ಹೇಳಿದ್ರೆ.

ನಾಲ್ಕು, ಸಮಯ. ಬೆಳಿಗ್ಗೆ ಬೋಣಿ ಆಗೋ ಮೊದಲೇ ಯಾರಾದ್ರೂ ಕವರ್ ಹಿಡ್ಕೊಂಡು ವಾಪಸ್ ಕೊಡೋಕೆ ಬಂದ್ರೆ ಅಂಗಡಿಯವರ ಮುಖ ಸಪ್ಪಗಾಗುತ್ತೆ. ನಾವು ಅದನ್ನ ಮೂಢನಂಬಿಕೆ ಅಂತ ನಗಬಹುದು. ಆದರೆ ‘ಎಕ್ಸ್‌ಚೇಂಜ್ ಮಧ್ಯಾಹ್ನ 12ರಿಂದ 4’ ಅಂತ ಬರೆದ್ರೆ ನಮಗೇನು ನಷ್ಟ? ಹಬ್ಬದ ಹಿಂದಿನ ಸಂಜೆಯ ನೂಕುನುಗ್ಗಲಲ್ಲಿ ನಿಂತು ಬೈಸಿಕೊಳ್ಳೋದಕ್ಕಿಂತ ಅದೇ ವಾಸಿ.

ಈ ನಾಲ್ಕು ಸಾಲು ಬಿಲ್ಲಿನ ಹಿಂದೆ ಕನ್ನಡದಲ್ಲಿರಲಿ, ಗಲ್ಲಾದ ಹತ್ತಿರ ಓದೋ ಹಾಗಿರಲಿ. ಬಿಲ್ಲಂದ್ರೆ ‘ಎಸ್ಟಿಮೇಟ್’ ಅಂತ ಗೀಚಿದ ಚೀಟಿ ಅಲ್ಲ, ತಾರೀಕು ಮತ್ತು ಅಂಗಡಿ ಹೆಸರು ಇರೋ ಬಿಲ್. ಮಾಲೀಕರು ಊಟಕ್ಕೆ ಹೋದಾಗ ಕೂರೋ ಹುಡುಗನಿಗೂ ಇದರಿಂದ ಉಪಕಾರ. ಈಗ ಅವನು “ಅಣ್ಣ ಬರ್ಲಿ, ಕೇಳಿ ಹೇಳ್ತೀನಿ” ಅಂತಾನೆ. ಬರೆದಿದ್ರೆ ಅವನೇ ಓದಿ ಮುಗಿಸ್ತಾನೆ, ಯಾರ ಹತ್ರವೂ ಬೈಸಿಕೊಳ್ಳಲ್ಲ.

“ಬರೆದು ಹಾಕಿದ್ರೆ ಎಲ್ಲರೂ ವಾಪಸ್ ತರ್ತಾರೆ” ಅನ್ನೋದು ಅಂಗಡಿಯವರ ಭಯ. ಈ ಭಯ ಸುಮ್ಮನೆ ಹುಟ್ಟಿದ್ದಲ್ಲ. ಆ್ಯಪ್‌ನಲ್ಲಿ ಎರಡು ಸೈಜ್ ತರಿಸಿ ಒಂದನ್ನ ವಾಪಸ್ ಕಳಿಸೋದು ಈಗ ಮಾಮೂಲಿ. ಕಾಲೇಜುಗಳಲ್ಲಿ ಎಥ್ನಿಕ್ ಡೇ ಬಂತು ಅಂದ್ರೆ ಹೊಸ ಕುರ್ತಾ ತರಿಸಿ, ಟ್ಯಾಗನ್ನ ಒಳಗೆ ಮಡಚಿಟ್ಟು, ರೀಲ್ಸ್ ಮುಗಿಸಿ, ಮಾರನೇ ದಿನ ರಿಟರ್ನ್ ಹಾಕೋರೂ ಇದ್ದಾರೆ. ಅದನ್ನ ಜಾಣತನ ಅಂತ ಹೇಳ್ಕೊಳ್ಳೋರೂ ಇದ್ದಾರೆ. ಆದರೆ ದೊಡ್ಡ ಕಂಪನಿ ಲಕ್ಷಾಂತರ ಆರ್ಡರ್‌ಗಳ ಮೇಲೆ ಹಂಚೋ ನಷ್ಟ, ಹತ್ತಡಿ ಅಗಲದ ಅಂಗಡಿಯಲ್ಲಿ ಒಬ್ಬರ ದಿನದ ದುಡಿಮೆ. ಟ್ಯಾಗ್, ದಿನ, ಬಿಲ್ ಅನ್ನೋ ಷರತ್ತುಗಳು ಇಂಥವರನ್ನ ತಡೆಯೋದಕ್ಕೇ ಇರೋದು. ಅವು ಬರೆದಿದ್ರೆ ಅಂಗಡಿಯವರು ಧೈರ್ಯವಾಗಿ ‘ಇಲ್ಲ’ ಅನ್ನಬಹುದು, ಮುಖ ಕೆಡಿಸಿಕೊಳ್ಳಬೇಕಿಲ್ಲ. ಬರೆಯದೆ ಇದ್ದಾಗ ಗೆಲ್ಲೋದು ಜೋರು ಬಾಯಿಯವರು. ಸುಮ್ಮನೆ ವಾಪಸ್ ಹೋಗೋದು ಸಂಕೋಚದವರು. ಹಾಗೆ ಹೋದವರು ಮತ್ತೆ ಆ ಅಂಗಡಿ ಮೆಟ್ಟಿಲು ಹತ್ತಲ್ಲ, ಮುಂದಿನ ಸಲ ಆ್ಯಪ್ ತೆಗೀತಾರೆ.

ಸಣ್ಣ ಅಂಗಡಿಗಳು ಉಳೀಬೇಕು ಅನ್ನೋರ ಪೈಕಿ ನಾವೂ ಇದ್ದೀವಿ. ಬಟ್ಟೆಯನ್ನ ಮುಟ್ಟಿ ನೋಡಬಹುದು, ಚೌಕಾಸಿ ಮಾಡಬಹುದು, ಇದ್ದಿದ್ದು ಇದ್ದ ಹಾಗೆ “ಇದು ನಿಮಗೆ ಒಪ್ಪಲ್ಲಪ್ಪ” ಅಂತ ಹೇಳೋರು ಅಲ್ಲೇ ಸಿಗೋದು. ನಮ್ಮಿಂದ ಆಗೋದೂ ಒಂದಿಷ್ಟಿದೆ. ದುಡ್ಡು ಕೊಡೋ ಮೊದಲೇ “ಎಕ್ಸ್‌ಚೇಂಜ್ ಇದೆಯಾ, ಎಷ್ಟು ದಿನ?” ಅಂತ ಕೇಳೋಣ. ಬಿಲ್ ಕೇಳಿ ತಗೊಳ್ಳೋಣ. ಹೇಳಿದ ದಿನವನ್ನ ಅದರ ಮೇಲೆ ಬರೆಸಿಕೊಳ್ಳೋಣ. ದಿನಕ್ಕೆ ಹತ್ತು ಜನ ಇದೇ ಪ್ರಶ್ನೆ ಕೇಳಿದ್ರೆ, ಪ್ರತಿ ಸಲ ಉತ್ತರ ಹೇಳಿ ಸಾಕಾಗಿ ಅಂಗಡಿಯವರೇ ಒಂದು ಹೊಸ ಬೋರ್ಡ್ ಬರೆಸ್ತಾರೆ. ಏನಂತೀರಾ?