ಹುತ್ತದ ಮೇಲೆ ಹೊರಿಸಿದ ಅಪವಾದ

ಭೂಮಿಯ ತಾಪ ಏರುತ್ತಿರುವ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ಗೆದ್ದಲನ್ನು ಕಟಕಟೆಗೆ ಎಳೆದು ತರುತ್ತಾರೆ. ಗೆದ್ದಲುಗಳೇ ಅಷ್ಟೊಂದು ಮೀಥೇನ್ ಬಿಡುತ್ತಿರುವಾಗ ಕಾರ್ಖಾನೆಗಳನ್ನು ದೂರಿ ಏನು ಫಲ, ಪ್ರಕೃತಿಯೇ ತನ್ನನ್ನು ಕೆಡಿಸಿಕೊಳ್ಳುತ್ತಿಲ್ಲವೇ ಎಂಬುದು ಅವರ ವಾದ. ಓದಿದವರೂ ಇದಕ್ಕೆ ತಲೆದೂಗುತ್ತಾರೆ. ಈ ವಾದದ ಅಂಕಿ ಹಳತು. ಅದಕ್ಕಿಂತ ಮುಖ್ಯವಾಗಿ, ಅದರ ಲೆಕ್ಕದ ಕ್ರಮವೇ ತಪ್ಪು.

ಮೊದಲು ಅಂಕಿಯನ್ನೇ ನೋಡೋಣ. 1982ರಲ್ಲಿ ಜಿಮ್ಮರ್‌ಮನ್ ಮತ್ತು ಸಂಗಡಿಗರು ‘ಸೈನ್ಸ್’ ಪತ್ರಿಕೆಯಲ್ಲಿ ಬರೆದ ಲೇಖನವು ಗೆದ್ದಲುಗಳಿಂದ ವರ್ಷಕ್ಕೆ ಸುಮಾರು 15 ಕೋಟಿ ಟನ್ ಮೀಥೇನ್ ಹೊರಬೀಳಬಹುದೆಂದು ಅಂದಾಜಿಸಿತು. ಪ್ರಯೋಗಾಲಯದ ಅಳತೆಯನ್ನು ಇಡೀ ಭೂಮಂಡಲಕ್ಕೆ ಹಿಗ್ಗಿಸಿದ ಮೊದಲ ಅಂದಾಜು ಅದು. ಮುಂದಿನ ದಶಕಗಳ ಅಧ್ಯಯನಗಳು ಅದನ್ನು ಇಳಿಸುತ್ತಲೇ ಬಂದವು. 2020ರಲ್ಲಿ ಪ್ರಕಟವಾದ ಜಾಗತಿಕ ಮೀಥೇನ್ ಆಯವ್ಯಯದಲ್ಲಿ ಗೆದ್ದಲಿನ ಪಾಲು ಸುಮಾರು 90 ಲಕ್ಷ ಟನ್. ಮನುಷ್ಯನ ಗಣಿ, ಗದ್ದೆ, ದನದ ಕೊಟ್ಟಿಗೆ, ಕಸದ ರಾಶಿಗಳ ಪಾಲು ಸುಮಾರು 36 ಕೋಟಿ ಟನ್. ವಿಜ್ಞಾನ ತನ್ನ ಅಂದಾಜನ್ನು ತಾನೇ ತಿದ್ದಿಕೊಂಡಿತು. ನೆಪ ಹುಡುಕುವವರು ಮಾತ್ರ ಮೊದಲ ಅಂಕಿಯನ್ನೇ ಜಪಿಸುತ್ತಿದ್ದಾರೆ.

ಗೆದ್ದಲು ಮೀಥೇನ್ ಬಿಡುವುದಿಲ್ಲವೆಂದಲ್ಲ. ಅದರ ಕರುಳಿನಲ್ಲಿ ಆಮ್ಲಜನಕ ತಲುಪದ ಎಡೆಗಳಲ್ಲಿ ಸೂಕ್ಷ್ಮಜೀವಿಗಳು ಆಹಾರವನ್ನು ಹುಳಿಸುವಾಗ ಜಲಜನಕ ಹುಟ್ಟುತ್ತದೆ. ಕಟ್ಟಿಗೆ ತಿನ್ನುವ ಜಾತಿಗಳಲ್ಲಿ ಅದರ ಬಹುಪಾಲು ಅಸಿಟೇಟ್ ಆಗಿ ಗೆದ್ದಲಿಗೇ ಆಹಾರವಾಗುತ್ತದೆ. ಮಣ್ಣು ತಿನ್ನುವ ಜಾತಿಗಳಲ್ಲಿ ಮೀಥೇನ್ ಆಗುವ ಪಾಲು ಹೆಚ್ಚು. ಆದರೆ ಹುಟ್ಟಿದ್ದೆಲ್ಲ ಗಾಳಿಗೆ ಸೇರುವುದಿಲ್ಲ. ಹುತ್ತದಲ್ಲಿಯೂ ಅದರ ಕೆಳಗಿನ ಮಣ್ಣಿನಲ್ಲಿಯೂ ಮೀಥೇನನ್ನೇ ಉಂಡು ಬದುಕುವ ಬ್ಯಾಕ್ಟೀರಿಯಾಗಳಿವೆ. ಉತ್ತರ ಆಸ್ಟ್ರೇಲಿಯಾದ ಸವಾನ್ನಾದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಗೆದ್ದಲು ಬಿಟ್ಟ ಮೀಥೇನಿನಲ್ಲಿ ಸರಾಸರಿ ಅರ್ಧದಷ್ಟು ಹೀಗೆ ಹೊರಬೀಳುವ ಮೊದಲೇ ಕರಗಿಹೋಗುತ್ತದೆ. ಇನ್ನು ಗೆದ್ದಲಿನ ಇಂಗಾಲದ ಡೈಆಕ್ಸೈಡ್ ವಿಷಯ: ಅದು ಮರವು ನಿನ್ನೆ ಮೊನ್ನೆ ಗಾಳಿಯಿಂದಲೇ ಪಡೆದ ಇಂಗಾಲ. ಕೋಟ್ಯಂತರ ವರ್ಷ ನೆಲದಡಿ ಹೂತಿದ್ದ ಕಲ್ಲಿದ್ದಲನ್ನು ಸುಡುವುದಕ್ಕೂ ಇದಕ್ಕೂ ಸಾಟಿಯೆಲ್ಲಿ?

ಈಗ ಲೆಕ್ಕದ ಕ್ರಮಕ್ಕೆ ಬರೋಣ. ಬೋರ್ನಿಯೋ ದ್ವೀಪದ ಸಬಾ ರಾಜ್ಯದ ಮಲಿಯಾವು ಕಣಿವೆಯ ಮಳೆಕಾಡಿನಲ್ಲಿ ವಿಜ್ಞಾನಿಗಳು ಕೆಲವು ತುಂಡುನೆಲಗಳಲ್ಲಿ ಗೆದ್ದಲನ್ನು ತಗ್ಗಿಸಿ, ಉಳಿದೆಡೆ ಇರುವಂತೆಯೇ ಬಿಟ್ಟು ಹೋಲಿಸಿದರು. ಸತ್ತ ಮರ ಕರಗುವುದರಲ್ಲಿ ಅರ್ಧಕ್ಕಿಂತ ಹೆಚ್ಚು ಗೆದ್ದಲಿನದೇ ದುಡಿಮೆ ಎಂದು ತಿಳಿದುಬಂತು. 2015-16ರ ಎಲ್ ನಿನೊ ಬರಗಾಲದಲ್ಲಿ ಗೆದ್ದಲುಗಳ ಸಂಖ್ಯೆ ಇಮ್ಮಡಿಗೂ ಮೀರಿ ಏರಿತು. ಅವು ಇದ್ದೆಡೆ ಮಣ್ಣಿನ ತೇವ ಹೆಚ್ಚು ಉಳಿಯಿತು, ಸಸಿಗಳೂ ಹೆಚ್ಚು ಬದುಕಿದವು. ಉಸಿರಿನ ಅನಿಲವನ್ನಷ್ಟೇ ಅಳೆಯುವವನ ಖಾತೆಯಲ್ಲಿ ಈ ತೇವಕ್ಕೂ ಈ ಸಸಿಗಳಿಗೂ ಅಂಕಣವೇ ಇಲ್ಲ.

ಅಂಥ ಖಾತೆ ಎಲ್ಲಿಗೆ ಮುಟ್ಟುತ್ತದೆ ನೋಡಿ. ಅದೇ ಸಬಾದಲ್ಲಿ ಮಳೆಕಾಡು ಕಡಿದು ತಾಳೆಎಣ್ಣೆಯ ತೋಟ ಹಾಕಿದ ಕಡೆಗಳಲ್ಲಿ ಮೊದಲು ಅಳಿಯುವುದು ಮಣ್ಣು ತಿನ್ನುವ ಗೆದ್ದಲುಗಳೇ, ಅಂದರೆ ಹೆಚ್ಚು ಮೀಥೇನ್ ಬಿಡುವಂಥವೇ. ಆಪಾದಕರ ಲೆಕ್ಕವನ್ನು ನಂಬಿದರೆ ಕಾಡು ಕಡಿದವನು ಹವಾಮಾನಕ್ಕೆ ಉಪಕಾರ ಮಾಡಿದಂತಾಯಿತು! ಉರುಳಿದ ಮರಗಳ ಇಂಗಾಲ, ಯಂತ್ರಗಳ ಭಾರಕ್ಕೆ ಗಟ್ಟಿಯಾಗಿ ಮೀಥೇನ್ ಹೀರುವ ಶಕ್ತಿ ಕುಂದಿದ ಮಣ್ಣು, ತೋಟಕ್ಕೆ ಸುರಿದ ಸಾರಜನಕ ಗೊಬ್ಬರದಿಂದ ಏಳುವ ನೈಟ್ರಸ್ ಆಕ್ಸೈಡ್, ಇವೆಲ್ಲವನ್ನೂ ಮರೆತರೆ ಮಾತ್ರ ಇಂಥ ವಿಪರೀತ ಸಾಧ್ಯ. ಇಂಥ ಫಲಿತಾಂಶ ಕೊಡುವ ಲೆಕ್ಕವನ್ನು ತಿದ್ದುವುದಲ್ಲ, ಹರಿದೆಸೆಯಬೇಕು.

ಎದುರುಪಕ್ಷಕ್ಕೆ ಇನ್ನೊಂದು ಬಾಣ ಉಳಿದಿದೆ: ಬಿಸಿಲೇರಿದಂತೆ ಗೆದ್ದಲು ಚುರುಕಾಗುತ್ತದಲ್ಲವೇ? ಹೌದು. ಹಲವು ಖಂಡಗಳಲ್ಲಿ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪ್ರತಿ 10 ಡಿಗ್ರಿ ಸೆಲ್ಸಿಯಸ್ ಏರಿಕೆಗೆ ಗೆದ್ದಲು ಮರವನ್ನು ಹುಡುಕಿ ತಿನ್ನುವ ವೇಗ ಸುಮಾರು ಏಳು ಪಟ್ಟಾಗುವುದು ಕಂಡುಬಂತು. ತಾಪ ಏರಿದರೆ ಸತ್ತ ಮರದ ಇಂಗಾಲ ಬೇಗ ಗಾಳಿಗೆ ಮರಳುವುದು ನಿಜ. ಆದರೆ ಆ ತಾಪವನ್ನು ಏರಿಸಿದ್ದು ಯಾರು? ನಮ್ಮ ತಪ್ಪಿನ ಪರಿಣಾಮವನ್ನೇ ತಪ್ಪಿನ ಕಾರಣವೆಂದು ಸಾಧಿಸುವುದು ನ್ಯಾಯವಲ್ಲ, ಜಾಣತನ.

ವಲ್ಮೀಕದಿಂದ ಕವಿಯನ್ನು ಎಬ್ಬಿಸಿದ ಪರಂಪರೆ ನಮ್ಮದು. ಹುತ್ತ ಕಂಡರೆ ಕೈಮುಗಿಯುವುದು, ಮನೆ ಕಟ್ಟುವಾಗ ಅದನ್ನೇ ಕೆಡವುವುದು, ಎರಡೂ ನಮಗೆ ರೂಢಿ. ಭಕ್ತಿಯ ಮಾತು ಹಾಗಿರಲಿ. ಕಾಡಿನ ಇಂಗಾಲಕ್ಕೆ ಬೆಲೆ ಕಟ್ಟುವ ಈ ಕಾಲದಲ್ಲಿ, ಮರದ ಎಣಿಕೆಯ ಜೊತೆಗೆ ಮಣ್ಣನ್ನೂ ಅದರೊಳಗಿನ ಜೀವಗಳನ್ನೂ ಅಳೆಯಿರಿ ಎಂದು ಕೇಳುವುದೇ ಇಂದಿನ ತುರ್ತು. ಹಾಗೆ ಅಳೆಯದೆ ತೋಟವನ್ನು ಕಾಡೆಂದು ಕರೆದು ಇಂಗಾಲದ ಸಾಲ ತೀರಿತೆನ್ನುವವರ ಪತ್ರಕ್ಕೆ ನಾವು ಸಹಿ ಹಾಕಬೇಕಾಗಿಲ್ಲ.