ದವಾಖಾನಿ ಬಾಜೂಕ ಒಂದು ಒಲಿ ಬೇಕ್ರಿ

ಶ್ರಾವಣ ಬಂತಂದ್ರ ನಮ್ಮ ಕಡೆ ದವಾಖಾನಿಯೊಳಗ ಹಣ್ಣು-ಬ್ರೆಡ್ಡು ಹಂಚೋದು ಜೋರಾಗತದ. ಶ್ರಾವಣ ಅಷ್ಟ ಅಲ್ಲ, ಅಪ್ಪನ ಪುಣ್ಯತಿಥಿ, ಮೊಮ್ಮಗನ ಹುಟ್ಟಿದ ಹಬ್ಬ, ಪುಢಾರಿಗಳ ಜನ್ಮದಿನ, ಏನಿದ್ರೂ ಮಕ್ಕಳ ವಾರ್ಡಿಗೆ ಎರಡು ಬಾಳೆಹಣ್ಣು, ಒಂದು ಬ್ರೆಡ್ಡು, ಮ್ಯಾಲೊಂದು ಫೋಟೋ. ಹಸದವರಿಗೆ ಬಾಳೆಹಣ್ಣೂ ದೊಡ್ಡದ, ಅದನ್ನ ಹೀಯಾಳಸೋದು ಬ್ಯಾಡ. ಆದ್ರ ನನ್ನ ಅಭಿಪ್ರಾಯ ಕೇಳಿದ್ರ, ಆ ರೊಕ್ಕ ಎಲ್ಲಾ ಕೂಡಿಸಿ ದವಾಖಾನಿ ಬಾಜೂಕ ಒಂದು ಅಡಗಿಮನಿ ಮಾಡಬೇಕು. ಅಡಗಿಮನಿ, ಅದರ ಮಗ್ಗಲದಾಗ ಬೆನ್ನು ಚಾಚಲಿಕ್ಕೆ ಒಂದು ಖೋಲಿ, ಮತ್ತ ಕಾಗದ-ಪತ್ರ ತಿಳಿಸಿ ಹೇಳಲಿಕ್ಕೆ ಒಬ್ಬರು. ಇಷ್ಟಿದ್ರ ಎಷ್ಟೋ ಮಕ್ಕಳ ಇಲಾಜು ಅರ್ಧಕ್ಕ ನಿಲ್ಲೂದಿಲ್ಲ.

ದವಾಖಾನಿಯವರು ಮಂಚ ಕೊಡೋದು ಕೂಸಿಗೆ. ಆದ್ರ ಕೂಸು ಒಂದ ಬರೂದಿಲ್ಲಲ್ಲ? ಅವ್ವ ಬರ್ತಾಳ, ಆಕಿ ಕಂಕಳಾಗ ಇನ್ನೊಂದು ಸಣ್ಣದು ಇರ್ತದ, ಅಪ್ಪ ಕೂಲಿ ಬಿಟ್ಟು ಬರ್ತಾನ, ಊರಾಗ ಮುದುಕಿ ಕಡೆ ಎಮ್ಮಿ ಮತ್ತ ಸಾಲಿಗೆ ಹೋಗೋ ಮಗಳನ್ನ ಬಿಟ್ಟು ಬಂದಿರ್ತಾರ. ರಾತ್ರಿ ವಾರ್ಡಿನಾಗ ಒಬ್ಬರಿಗಷ್ಟ ಪರವಾನಗಿ. ಅಪ್ಪ ಹೊರಗ ಗಿಡದ ಬುಡಕ, ಮಳಿ ಬಂದ್ರ ಮೆಟ್ಟಲ ಮ್ಯಾಲೆ.

ಹೋದ ವರ್ಷ ನಮ್ಮ ನಾದಿನಿ ಮಗನ್ನ ಮೆದುಳುಜ್ವರ ಅಂತ ಶಹರದ ಒಂದು ದೊಡ್ಡ ದವಾಖಾನಿಯೊಳಗ ಇಟ್ಟಿದ್ರು. ಹತ್ತೊಂಬತ್ತು ದಿವಸ ನಾನ ಡಬ್ಬಿ ಒಯ್ದೀನಿ. ನಮಗ ಅದ ಊರಾಗ ಮನಿ, ಗ್ಯಾಸು, ಸ್ಕೂಟಿ ಇತ್ತು, ನಡೀತು. ಮಗ್ಗಲ ಮಂಚದಾಕಿ ರೋಣದ ಕಡೆಯಾಕಿ. ದಿನಾ ಮುಂಜಾನೆ ಡಾಕ್ಟರು ಬಂದು 'ಹೊರಗಿಂದು ಏನೂ ಕೊಡಬ್ಯಾಡವಾ, ಮೆತ್ತನ್ನ ಅನ್ನ, ಬ್ಯಾಳಿ ಕಟ್ಟು ಕೊಡು, ಕಾಯಿಸಿ ಆರಿಸಿದ ನೀರು ಕುಡಸು' ಅಂತ ಹೇಳಿ ಹೋಗ್ತಿದ್ರು. ಹೇಳೋದು ಖರೇನ. ಆದ್ರ ಆಕಿ ಎಲ್ಲೆ ಕುದಸಬೇಕು? ಚಹಾದಂಗಡಿಯವ ಒಂದು ಥರ್ಮಾಸ್ ಬಿಸಿನೀರಿಗೆ ಹತ್ತು ರೂಪಾಯಿ ತಗೋತಿದ್ದ. ಹತ್ತನೇ ದಿವಸಕ್ಕ ಆಕಿ ಗಂಡ ಲೆಕ್ಕಾ ಹಾಕಿದ. ಔಷಧ ಪುಕ್ಕಟ, ಖರ್ಚಾಗಿದ್ದೆಲ್ಲಾ ಊಟ, ಚಹಾ, ಬಸ್ಸಿನ ಚಾರ್ಜು. ಊರಾಗ ಹೆಸರು ಬಿಡಸೋದು ಬಂದಿತ್ತು. ಮರುದಿವಸ ಸಹಿ ಮಾಡಿಕೊಟ್ಟು ಕೂಸಿನ್ನ ಕರಕೊಂಡು ಹೋದ್ರು. ಇನ್ನೂ ನಾಕು ದಿವಸದ ಸೂಜಿ ಬಾಕಿ ಇದ್ದವು. 'ಹಳ್ಳಿ ಮಂದಿಗೆ ತಿಳವಳಿಕಿ ಇಲ್ಲ' ಅಂತ ವಾರ್ಡಿನಾಗ ಯಾರೋ ಅಂದ್ರು. ನನಗ ಆ ಮಾತು ಇವತ್ತಿಗೂ ಚುಚ್ಚತದ. ಆ ಮನಷ್ಯಾ ಲೆಕ್ಕಾ ಸರಿಯಾಗೇ ಹಾಕಿದ್ದ.

ಹತ್ತು ದಿವಸದ ಜಡ್ಡಿಗೇ ಹಿಂಗಾದ್ರ, ರಕ್ತದ ಕ್ಯಾನ್ಸರಿನಂಥಾದ್ದಕ್ಕ ಏನು ಗತಿ? ಮಕ್ಕಳಿಗೆ ಬರೋ ಆ ಜಡ್ಡಿನ ಇಲಾಜು ಎರಡು-ಮೂರು ವರ್ಷದ್ದು. ಶ್ರೀಮಂತ ದೇಶಗಳೊಳಗ ಕ್ಯಾನ್ಸರ್ ಬಂದ ಮಕ್ಕಳಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚು ಮಕ್ಕಳು ಗುಣವಾಗುತ್ತಾರೆ. ಬಡ ದೇಶಗಳೊಳಗ ಹಂಗಾಗೂದಿಲ್ಲ, ಅದಕ್ಕ ಒಂದು ಕಾರಣ ಇಲಾಜು ನಡುವೆ ಬಿಟ್ಟು ಹೋಗೋದು ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳತದ. ಕೀಮೋ ಕೊಟ್ಟ ಮ್ಯಾಲೆ ಬಿಳಿ ರಕ್ತಕಣ ಇಳೀತಾವ. ಆವಾಗ ಹಳಸಿದ್ದು, ಬೀದಿಯದ್ದು ಒಂದು ತುತ್ತು ಹೋದ್ರೂ ಕೂಸಿಗೆ ಅಪಾಯ. ಅಂಥಾ ಹೊತ್ತಿನಾಗ ಬಿಸಿ ಗಂಜಿ ಔಷಧದ ಚೀಟಿಯೊಳಗ ಬರಿಯೋ ವಸ್ತು ಅಂತ ನಾನು ತಿಳಕೊಂಡೀನಿ.

ನಮ್ಮ ಬೆಳಗಾವಿ, ವಿಜಾಪುರ, ಧಾರವಾಡ ಕಡೆ ಕ್ಯಾನ್ಸರಂದ್ರ ಮುಂಬೈಗೆ, ಪರೇಲದ ಟಾಟಾ ದವಾಖಾನಿಗೆ ಹೋಗೋ ರೂಢಿ ಹಳೇದು. ಆ ದವಾಖಾನಿ ಶುರುವಾಗಿದ್ದು 1941ರಾಗ. ಅಲ್ಲಿಗೆ ಹೋಗೋ ಬಡವರು ಎಷ್ಟೋ ಮಂದಿ ದಾದರದಾಗ ಗಾಡಗೆ ಮಹಾರಾಜರ ಹೆಸರಿನ ಧರ್ಮಶಾಲೆಯೊಳಗ ಇಳೀತಾರ. ಕೈಯಾಗ ಕಸಬರಿಗಿ ಹಿಡಕೊಂಡು ಊರೂರು ಗುಡಿಸಿದ ಆ ಸಂತರಿಗೆ ಜಡ್ಡಿನವರ ಕೂಡ ಬಂದವರಿಗೂ ಸೂರು ಬೇಕು ಅನ್ನೋದು ತಿಳಿದಿತ್ತು. 2006ರಾಗ ಶ್ಯಾಮಾ ಮತ್ತು ನಿಹಾಲ್ ಕವಿರತ್ನೆ ದಂಪತಿ ಕ್ಯಾನ್ಸರ್ ಮಕ್ಕಳ ಸಲುವಾಗಿನ ಸೇಂಟ್ ಜೂಡ್ ಕೇಂದ್ರ ಮುಂಬೈಯೊಳಗ ತೆರೆದರು. ಈಗ ದಿಲ್ಲಿ, ಕೋಲ್ಕತಾ, ಚೆನ್ನೈ, ಹೈದರಾಬಾದ್, ಗುವಾಹಾಟಿಯೊಳಗೂ ಅದಾವ. ವಸತಿ ಪುಕ್ಕಟ. ನನಗ ಭಾಳ ಹಿಡಸಿದ್ದು ಅಲ್ಲಿ ಅಡಗಿಮನಿ ವ್ಯವಸ್ಥಾ. ತಯಾರ ಊಟ ತಾಟಿಗೆ ಬಡಸೋ ಬದಲಿ ರೇಷನ್ ಕೊಡ್ತಾರ, ಅವ್ವಂದಿರು ತಮ್ಮ ಒಲಿ ಮ್ಯಾಲೆ ತಾವ ಬೇಯಿಸ್ತಾರ. ಬಿಹಾರದಾಕಿ ಖಿಚಡಿ ಮಾಡ್ತಾಳ, ನಮ್ಮ ಕಡೆಯಾಕಿ ಅದಾಳಂದ್ರ ಮೆತ್ತನ್ನ ರೊಟ್ಟಿ ಬಡೀತಾಳ. ಬಾಯಿಗೆ ರುಚಿ ಹತ್ತದ ಕೂಸು ಯಾರದೋ ಪ್ಯಾಕೆಟ್ ಊಟ ದೂಡತದ, ಅವ್ವನ ಕೈಯಿಂದಾದ್ರ ಎರಡು ತುತ್ತು ನುಂಗತದ. ಆಕಿಗೂ ಅಷ್ಟ, ಇಡೀ ದಿವಸ ಮಾನಿಟರು ನೋಡಕೋತ ಕೂಡೋಕಿಂತ ಒಗ್ಗರಣಿ ಹಾಕೋ ಹತ್ತು ನಿಮಿಷ ಜೀವಕ್ಕ ಸಮಾಧಾನ.

ಅಮೆರಿಕಾದ ಮಂದಿಗೂ ಇದು ತಿಳಿಯಲಿಕ್ಕೆ ತಡಾನ ಆತು. ಫಿಲಡೆಲ್ಫಿಯಾದ ಫುಟ್‌ಬಾಲ್ ಆಟಗಾರ ಫ್ರೆಡ್ ಹಿಲ್ ಅವರ ಮಗಳಿಗೆ ರಕ್ತದ ಕ್ಯಾನ್ಸರ್ ಬಂದಾಗ ಗಂಡ-ಹೆಂಡತಿ ದವಾಖಾನಿಯ ಕುರ್ಚಿ ಮ್ಯಾಲೆ ಮಲಗಿದ್ರಂತ. ಅದರಿಂದ, ಡಾಕ್ಟರ್ ಆಡ್ರಿ ಇವಾನ್ಸ್ ಅವರೂ ಕೂಡಿ, 1974ರಾಗ ಮೊದಲನೇ ರೊನಾಲ್ಡ್ ಮ್ಯಾಕ್‌ಡೊನಾಲ್ಡ್ ಹೌಸ್ ಆತು. ಅಷ್ಟು ದೊಡ್ಡ ಆಟಗಾರಗ ಹಂಗಾದ್ರ ನಮ್ಮ ರೋಣದಾಕಿ ಮಾತು ಬಿಡ್ರಿ.

'ಇದೆಲ್ಲಾ ದಾನಿಗಳ ಕೆಲಸ, ಸರಕಾರ ಔಷಧ ಕೊಟ್ರ ಸಾಕು' ಅನ್ನೋವರಿಗೆ ಒಂದು ಮಾತು. ಸರಕಾರ ಈ ತತ್ವ ಆಗಲೇ ಒಪ್ಪೇದ. ಅಪೌಷ್ಟಿಕತೆ ವಿಪರೀತ ಆದ ಐದು ವರ್ಷದೊಳಗಿನ ಮಕ್ಕಳಿಗೆ ಪೌಷ್ಟಿಕ ಪುನಶ್ಚೇತನ ಕೇಂದ್ರ ಅಂತ ಅದಾವಲ್ಲ, ಅಲ್ಲೆ ಕೂಸಿನ ಕೂಡ ಅವ್ವನೂ ಇರ್ತಾಳ. ಆಕಿಗೂ ಊಟ, ಹೋದ ಕೂಲಿಗೆ ಪರಿಹಾರ, ಮ್ಯಾಲೆ ಕೂಸಿಗೆ ಏನು ಹೆಂಗ ಬೇಯಿಸಬೇಕು ಅಂತ ಅಡಗಿ ಕಲಸೋದು. 2017ರಾಗ ಕೇಂದ್ರ ಆರೋಗ್ಯ ಸಚಿವಾಲಯ ನವಜಾತ ಶಿಶುಗಳ ವಾರ್ಡಿನೊಳಗ ತಾಯಿ-ತಂದೆಯನ್ನೂ ಆರೈಕೆಗೆ ಸೇರಿಸಬೇಕು ಅಂತ ಮಾರ್ಗಸೂಚಿ ಹೊರಡಿಸ್ತು. ಒಂದು ವಾರ್ಡಿಗೆ ಖರೇ ಆಗಿದ್ದು ಮಗ್ಗಲ ವಾರ್ಡಿಗೆ ಸುಳ್ಳು ಹೆಂಗಾಗತದ? ಆಯುಷ್ಮಾನ್ ಭಾರತ-ಆರೋಗ್ಯ ಕರ್ನಾಟಕ ಕಾರ್ಡು ಬಡ ಕುಟುಂಬಕ್ಕ ವರ್ಷಕ್ಕ 5 ಲಕ್ಷದ ತನಕ ಇಲಾಜಿನ ಖರ್ಚು ನೋಡಿಕೋತದ, ಭಾಳ ಛಲೋ. ಅವ್ವನ ಊಟಕ್ಕ, ಅಪ್ಪನ ಕೂಲಿಗೆ ಅದರಾಗ ಜಾಗಾ ಇಲ್ಲ.

ಆ ಕಾರ್ಡಿನದೂ ಒಂದು ಕಥಿ. ರೆಫರಲ್ ಚೀಟಿ ಎಲ್ಲಿಂದ ತರಬೇಕು, ಯಾವ ಕಾಗದ ಯಾವ ಖಿಡಕಿಗೆ, ಕೂಸಿನ ಹೆಸರು ರೇಷನ್ ಕಾರ್ಡಿನಾಗ ಇರಲಿಲ್ಲಂದ್ರ ಏನು ಮಾಡಬೇಕು, ಇದನ್ನ ಕೂಡಿಸಿಕೊಂಡು ಹೇಳೋವರು ಯಾರು? ನರ್ಸಬಾಯಿಗೆ ಪುರಸೊತ್ತಿಲ್ಲ. ಡಾಕ್ಟರು ಇಂಗ್ಲಿಷಿನಾಗ ನಾಕು ಮಾತಾಡಿ ಮುಂದಿನ ಮಂಚಕ್ಕ ಹೋಗಿರ್ತಾರ. ಅವ್ವಗ ಕೇಳಬೇಕಾದ್ದು ಒಂದ, 'ನನ್ನ ಮಗಾ ಯಾವಾಗ ಮನಿಗೆ ಬರ್ತಾನ?' ಆ ಪ್ರಶ್ನಿ ಕೇಳಲಿಕ್ಕೂ ಒಂದು ಕುರ್ಚಿ ಬೇಕು, ಎದುರಿಗೆ ನಮ್ಮ ಮಾತು ಬರೋ ಒಂದು ಮಾರಿ ಬೇಕು.

ನಮ್ಮ ಮಂಡಳದಾಗ ಇದನ್ನ ಹೇಳಿದಾಗ ಮೂರು ಆಕ್ಷೇಪ ಬಂದವು. ಗ್ಯಾಸಿನ ಬೆಂಕಿ ಭಯ ಅಂದ್ರು. ಕಲ್ಯಾಣ ಮಂಟಪದಾಗ ಸಾವಿರ ಮಂದಿಗೆ ಅಡಗಿ ಮಾಡಸೋ ನಮಗ ನಾಕು ಒಲಿ ಸುರಕ್ಷಿತ ಇಡಲಿಕ್ಕೆ ಬರೂದಿಲ್ಲೇನು? ಸಿಲಿಂಡರ್ ಹೊರಗ, ಪೈಪು ಒಳಗ. ಬಂದವರು ಅಲ್ಲೇ ಠಿಕಾಣಿ ಹೂಡ್ತಾರ ಅಂದ್ರು. ಹೂಡೂದಿಲ್ಲ, ಮಗಾ ನೆಟ್ಟಗಾದ ಅಂದ್ರ ಒಂದು ತಾಸೂ ನಿಲ್ಲೂದಿಲ್ಲ ಯಾರೂ. ಆದ್ರೂ ಸಮಾಧಾನಕ್ಕ ವಾರ್ಡಿನ ಚೀಟಿ ನೋಡೇ ಖೋಲಿ ಕೊಟ್ರಾತು. ಮೂರನೇದು ಸ್ವಚ್ಛತಾದ್ದು, ಅದನ್ನ ನಾನೂ ಒಪ್ಪತೀನಿ. ಹೊಲಸು ಅಡಗಿಮನಿ ಇರೋದಕಿಂತ ಇರಲಾರದ್ದ ಛಲೋ. ಅದಕ್ಕ ನೋಡಿಕೊಳ್ಳಲಿಕ್ಕೆ ಪೂರ್ತಿ ಹೊತ್ತಿನ ಒಬ್ಬಾಕಿ ಬೇಕು.

ದವಾಖಾನಿ ಹತ್ರ ಎರಡು ಖೋಲಿ ಬಾಡಿಗಿ ಹಿಡದ್ರ ಸಾಕು ಶುರುವಿಗೆ. ನಾಕು ಒಲಿ, ಒಂದು ಗೀಝರ್, ಕುಡಿಯೋ ನೀರಿನ ಫಿಲ್ಟರ್, ಅರಬಿ ಒಣಗಸಲಿಕ್ಕೆ ತಂತಿ, ಕೀಲಿ ಇರೋ ಕಪಾಟು, ಅಪ್ಪಂದಿರಿಗೆ ಗಾದಿ. ಪಾತ್ರಿ-ಪಗಡಿ ನಮ್ಮ ಮನಿಗಳ ಅಟ್ಟದ ಮ್ಯಾಲೆ ಬೇಕಾದಷ್ಟು ಬಿದ್ದಾವ. ದೊಡ್ಡ ಖರ್ಚು ಬರೋದು ನೋಡಿಕೊಳ್ಳೋ ಆಕಿ ಪಗಾರಕ್ಕ. ಅದರಾಗ ಹಿಂದ-ಮುಂದ ನೋಡಬ್ಯಾಡ್ರಿ, ಸೇವಾ ಅಂತ ಹೇಳಿ ಆಕಿನ್ನ ಪುಕ್ಕಟ ದುಡಸಬ್ಯಾಡ್ರಿ. ಇಂಥಾ ದವಾಖಾನಿಯೊಳಗ ತನ್ನ ಕೂಸಿನ ಕೂಡ ಒಮ್ಮೆ ಇದ್ದು ಹೋದಾಕಿ ಯಾರರೆ ಸಿಕ್ರ ಮೊದಲು ಆಕಿನ್ನ ಕೇಳ್ರಿ. ಯಾವ ಖಿಡಕಿ ಎಷ್ಟು ಗಂಟೆಗೆ ತೆರೀತದ ಅನ್ನೋದು ಆಕಿಗೆ ಬಾಯಿಪಾಠ ಇರ್ತದ.